ಕೊನೆಯಲ್ಲಿ ಇಬ್ಬರೂ ಸಾಯುತ್ತಾರಾ?

ಕಳೆದ ತಿಂಗಳು ಸಾಹಿತ್ಯ ಸಂಘದ ಕಾರ್ಯಕ್ರಮಕ್ಕೆ ಬಂದಿದ್ದವರಿಗೆ ಈ ಶೀರ್ಷಿಕೆ ನೋಡಿದ ಕೂಡಲೇ ನಗು ಬಂದಿರಬೇಕು. ಬಾರದವರಿಗೆ ನಡೆದದ್ದನ್ನು ನಾನೇ ಹೇಳಿಬಿಡುತ್ತೇನೆ. ಕಾರಿಡಾರಿನಲ್ಲಿ ಬೇರೆಯವರ ಬಾಯಿಂದ ಕೇಳುವುದಕ್ಕಿಂತ ಅದೇ ಮೇಲು.

ವಿಷಯ ‘ನನ್ನ ಮೆಚ್ಚಿನ ಕತೆ’. ಒಬ್ಬೊಬ್ಬರಿಗೆ ಐದು ನಿಮಿಷ. ನಾನು ಪ್ರೇಮಚಂದರ ‘ಶತರಂಜ್ ಕೆ ಖಿಲಾಡಿ’ಯನ್ನು ಆರಿಸಿಕೊಂಡಿದ್ದೆ. ಲಖನೌದ ಇಬ್ಬರು ಜಾಗೀರುದಾರರು, ಮಿರ್ಜಾ ಸಾಹೇಬ ಮತ್ತು ಮೀರ್ ಸಾಹೇಬ. ಹಗಲೂ ರಾತ್ರಿ ಚದುರಂಗ. ಅವರ ನವಾಬ ವಾಜಿದ್ ಅಲಿ ಶಾಹನ ರಾಜ್ಯವನ್ನು ಇಂಗ್ಲಿಷರು ನುಂಗುತ್ತಿದ್ದಾರೆ, ಇವರಿಗೆ ಕುದುರೆ ಎಲ್ಲಿ, ವಜೀರ ಎಲ್ಲಿ ಎಂಬುದೇ ಚಿಂತೆ. ಇಷ್ಟನ್ನೂ ಚೆನ್ನಾಗಿಯೇ ಹೇಳಿದೆ. ಕೊನೆಗೆ, ಗೆಳೆಯರ ನಡುವೆ ಜಗಳವಾಗಿ ಪಿಸ್ತೂಲು ಸಿಡಿಯುತ್ತದೆ, ಯಾರೂ ಸಾಯುವುದಿಲ್ಲ, ಇಬ್ಬರೂ ಮತ್ತೆ ಆಟಕ್ಕೆ ಕೂರುತ್ತಾರೆ, ಈ ಸಲ ಇಂಗ್ಲಿಷರ ನಿಯಮದ ಚದುರಂಗ ಆಡುತ್ತಾರೆ ಎಂದು ಮುಗಿಸಿದೆ. ಚಪ್ಪಾಳೆಯೂ ಬಿತ್ತು.

ಮುಂದಿನ ಸಾಲಿನಲ್ಲಿದ್ದ ಹಿಂದಿ ಮೇಡಂ ಮೆಲ್ಲಗೆ ಕೇಳಿದರು: “ಆ ಪಿಸ್ತೂಲು ಯಾವ ಪುಟದಲ್ಲಿದೆಯಮ್ಮಾ?”

ಯಾವ ಪುಟದಲ್ಲೂ ಇಲ್ಲ. ಪ್ರೇಮಚಂದರ ಕತೆಯಲ್ಲಿ ಇರುವುದು ಕತ್ತಿ. ಇಬ್ಬರೂ ಒಬ್ಬರನ್ನೊಬ್ಬರು ಇರಿದುಕೊಂಡು ಸಾಯುತ್ತಾರೆ. ನಾನು ಹೇಳಿದ್ದು ಸತ್ಯಜಿತ್ ರಾಯ್ 1977ರಲ್ಲಿ ಅದೇ ಹೆಸರಿನಲ್ಲಿ ಮಾಡಿದ ಸಿನಿಮಾದ ಕೊನೆ. ಅದನ್ನು ಅಬ್ಬಾನ ಮೊಬೈಲಿನಲ್ಲಿ ಎರಡು ಸಲ ನೋಡಿದ್ದೆ. ಕತೆಯನ್ನು ಓದಿರಲಿಲ್ಲ. ಸಿನಿಮಾ ಅಂದರೆ ಕತೆಯೇ ಅಲ್ಲವೇ, ಒಂದು ಓದಿದರೂ ಒಂದು ನೋಡಿದರೂ ಒಂದೇ ಅಂದುಕೊಂಡಿದ್ದೆ.

ನನ್ನ ಮಾನ ಹೋದದ್ದು ಅಂಥ ದೊಡ್ಡ ಸುದ್ದಿಯಲ್ಲ. ಆದರೆ ಅದರ ಮರುವಾರ ಇನ್ನೊಂದು ಮಾತು ಕಿವಿಗೆ ಬಿತ್ತು. ಶನಿವಾರ ಮಧ್ಯಾಹ್ನ ಸೆಮಿನಾರ್ ಹಾಲಿನಲ್ಲಿ ತಿಂಗಳಿಗೊಂದು ಸಿನಿಮಾ ತೋರಿಸುವುದನ್ನು ನಿಲ್ಲಿಸಿ ಆ ಸಮಯದಲ್ಲಿ ಹಳೆಯ ಪ್ರಶ್ನೆಪತ್ರಿಕೆ ಬಿಡಿಸಬೇಕು ಎಂದು ಕೆಲವರು ಹೇಳುತ್ತಲೇ ಇದ್ದರಲ್ಲ, ಅವರಿಗೆ ಈಗ ನಾನೇ ಉದಾಹರಣೆಯಾಗಿದ್ದೇನೆ. “ನೋಡಿ, ಸಿನಿಮಾ ನೋಡಿಕೊಂಡು ಬಂದು ಓದಿದ್ದೇವೆ ಅಂತಾರೆ. ಇದಕ್ಕೇ ಹೇಳಿದ್ದು.” ಹೇಳಿದವರು ನನಗಿಂತ ಹಿರಿಯರು, ನನ್ನ ಒಳ್ಳೆಯದಕ್ಕೇ ಹೇಳಿದ್ದಾರೆ. ಆದರೂ ತಪ್ಪು ನನ್ನದು, ಸಿನಿಮಾದ್ದಲ್ಲ. ಅದನ್ನು ಹೇಳುವುದಕ್ಕೇ ಈ ಲೇಖನ.

ಮೇಡಂ ನನ್ನನ್ನು ಬೈಯಲಿಲ್ಲ. ಲೈಬ್ರರಿಯಿಂದ ಪ್ರೇಮಚಂದರ ಕತೆಗಳ ಪುಸ್ತಕ ತೆಗೆಸಿ ಕೊಟ್ಟು, “ಓದಿಕೊಂಡು ಬಾ, ಮತ್ತೊಮ್ಮೆ ಮಾತಾಡು” ಅಂದರು. ಮನೆಯಲ್ಲಿ ನಾನು ಅಕ್ಷರ ಕೂಡಿಸಿ ಓದುತ್ತಿದ್ದರೆ, ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದ ನಾನಿ “ಜೋರಾಗಿ ಓದು” ಅಂದರು. ನಾನಿ ಶಾಲೆಗೆ ಹೋದದ್ದು ನಾಲ್ಕನೆಯ ಕ್ಲಾಸಿನವರೆಗೆ, ಈಗ ಕಣ್ಣೂ ಮಂದ. ಕನ್ನಡ ಪುಸ್ತಕ ಓದಿ ಹೇಳಿದರೆ ನಡುನಡುವೆ ನಾನು ಅರ್ಥ ಹೇಳಬೇಕು. ಈ ಕತೆಗೆ ಅದು ಬೇಕಾಗಲಿಲ್ಲ. ಪ್ರೇಮಚಂದರು ಮೊದಲು ಬರೆಯುತ್ತಿದ್ದುದು ಉರ್ದುವಿನಲ್ಲಿ, ಆಮೇಲೆ ಹಿಂದಿಗೆ ಬಂದವರು. ಲಿಪಿ ನಾಗರಿಯಾದರೂ ಮಾತು ಅರ್ಧಕ್ಕರ್ಧ ನಮ್ಮ ಅಡುಗೆಮನೆಯದೇ. ನನಗೆ ಗೊತ್ತಿಲ್ಲದ ಪದಗಳಿಗೆ ನಾನಿಯೇ ಅರ್ಥ ಹೇಳಿದರು.

ಮಿರ್ಜಾನ ಬೇಗಮ್‌ಗೆ ತಲೆ ಸಿಡಿಯುತ್ತಿದೆ, ಹಕೀಮರ ಹತ್ತಿರ ಹೋಗಿ ಔಷಧಿ ತನ್ನಿ ಎಂದು ಹೇಳಿ ಕಳಿಸುತ್ತಾಳೆ, ಗಂಡ ಏಳುವುದಿಲ್ಲ. ಕೊನೆಗೆ ಅವಳು ಬಂದು ಚದುರಂಗದ ಕಾಯಿಗಳನ್ನು ಎಸೆದು ಬಾಗಿಲು ಹಾಕಿಕೊಳ್ಳುತ್ತಾಳೆ. ಅಲ್ಲಿ ನಾನಿ ಬೆಳ್ಳುಳ್ಳಿ ಬಿಟ್ಟು ನಕ್ಕ ನಗು! ಆಮೇಲೆ ಆಟ ಮೀರ್ ಸಾಹೇಬನ ಮನೆಗೆ, ಅಲ್ಲಿಂದಲೂ ಓಡಬೇಕಾಗಿ ಬಂದಾಗ ಗೋಮತಿ ನದಿಯಾಚೆಯ ಪಾಳುಬಿದ್ದ ಮಸೀದಿಗೆ. ಇಂಗ್ಲಿಷ್ ಸೈನ್ಯ ಊರಿಗೆ ನುಗ್ಗುವುದನ್ನು ಅಲ್ಲಿಂದಲೇ ನೋಡುತ್ತಾರೆ. ನವಾಬನನ್ನು ಸೆರೆ ಹಿಡಿದು ಒಯ್ಯುವುದನ್ನೂ ನೋಡುತ್ತಾರೆ. ಆಟ ನಿಲ್ಲುವುದಿಲ್ಲ. ಸಂಜೆಯ ಹೊತ್ತಿಗೆ ಒಂದು ನಡೆಯ ಬಗ್ಗೆ ಜಗಳ ಶುರುವಾಗಿ, ನಿನ್ನಪ್ಪ ಯಾರು ನಿಮ್ಮಜ್ಜ ಯಾರು ಎಂಬಲ್ಲಿಗೆ ಬಂದು, ಕತ್ತಿಗಳು ಹೊರಬರುತ್ತವೆ.

ಇಬ್ಬರೂ ಸತ್ತರು ಅಂತ ಓದಿ ಪುಸ್ತಕ ಮುಚ್ಚಿದೆ. ನಾನಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಮರ್ ಗಯೆ ಸೋ ಅಚ್ಛಾಚ್ ಹುಆ” ಅಂದರು. ಸತ್ತದ್ದೇ ಒಳ್ಳೆಯದಾಯಿತು!

ಮರುದಿನ ರಾತ್ರಿ ಅದೇ ಮೊಬೈಲಿನಲ್ಲಿ ನಾನಿಗೆ ಸಿನಿಮಾ ತೋರಿಸಿದೆ. ವಾಜಿದ್ ಅಲಿ ಶಾಹ ತೆರೆಯ ಮೇಲೆ ಬಂದ ಕೂಡಲೇ ಅಬ್ಬಾ “ಅರೆ, ಗಬ್ಬರ್ ಸಿಂಗ್!” ಎಂದು ಕೂಗಿದರು. ನಿಜ, ಅದು ‘ಶೋಲೆ’ಯ ಅಮ್ಜದ್ ಖಾನ್. ಎರಡೇ ವರ್ಷದ ಹಿಂದೆ ಗಬ್ಬರ್ ಆಗಿದ್ದವನು ಇಲ್ಲಿ ಹಾಡು ಕಟ್ಟುವ, ಕಣ್ಣೀರು ತಡೆದುಕೊಳ್ಳುವ ನವಾಬ. ಅವಧದ ರೆಸಿಡೆಂಟ್ ಜನರಲ್ ಔಟ್ರಮ್ ಆಗಿ ರಿಚರ್ಡ್ ಅಟೆನ್‌ಬರೊ ಇದ್ದಾರೆ, ಮುಂದೆ ‘ಗಾಂಧಿ’ ಸಿನಿಮಾ ನಿರ್ದೇಶಿಸಿದವರು. ಇವರಿಬ್ಬರ ನಡುವಿನ ಕತೆ ಪ್ರೇಮಚಂದರಲ್ಲಿ ಇಲ್ಲವೇ ಇಲ್ಲ. ಕತೆಯಲ್ಲಿ ನವಾಬ ದೂರದಲ್ಲಿ ಎಲ್ಲೋ ಇದ್ದಾನೆ, ವಿಲಾಸದಲ್ಲಿ ಮುಳುಗಿದ ಊರಿನ ವಿಲಾಸಿ ದೊರೆ, ಅಷ್ಟೆ. ರಾಯ್ ಅವನನ್ನು ಹತ್ತಿರ ತಂದು ಕೂರಿಸಿದರು. ಔಟ್ರಮ್‌ನ ಎದುರು ಅವನು ತನ್ನ ಕಿರೀಟವನ್ನೇ ತೆಗೆದು ಕೊಡಲು ಹೋಗುವ ದೃಶ್ಯವಿದೆ. ಇತಿಹಾಸದ ತರಗತಿಯಲ್ಲಿ 1856, ಅವಧ, ದುರಾಡಳಿತದ ನೆಪ ಎಂದು ನಾವು ಒಂದು ಅಂಕದ ಉತ್ತರ ಬರೆಯುತ್ತೇವಲ್ಲ, ಆ ದೃಶ್ಯ ನೋಡಿದ ಮೇಲೆ ‘ನೆಪ’ ಎಂಬ ಪದ ನನಗೆ ಬೇರೆಯೇ ಕೇಳಿಸುತ್ತದೆ.

ಇನ್ನೊಂದು ಸಣ್ಣ ವ್ಯತ್ಯಾಸ. ಸಿನಿಮಾದಲ್ಲಿ ಗೆಳೆಯರಿಬ್ಬರೂ ಮಸೀದಿ ಹುಡುಕಿಕೊಂಡು ಹೊರಡುತ್ತಾರೆ, ಮೀರ್ ಸಾಹೇಬನಿಗೆ ನೆನಪಿದ್ದ ಆ ಮಸೀದಿ ಸಿಗುವುದೇ ಇಲ್ಲ. ಹಳ್ಳಿಯ ಬಯಲಿನಲ್ಲೇ ಹಾಸಿಕೊಂಡು ಕೂರುತ್ತಾರೆ. ಕಾಗದದ ಮೇಲೆ ಪಾಳು ಮಸೀದಿ ಅಂದರೆ ಕಾಲ ಮುಗಿದುಹೋದ ಒಂದು ಊರಿನ ಗುರುತು. ತೆರೆಯ ಮೇಲೆ ಮಸೀದಿಯೊಳಗೆ ಇಬ್ಬರು ಜೂಜುಕೋರರಂತೆ ಬೈದಾಡುವುದನ್ನು ತೋರಿಸಿದರೆ ಅರ್ಥ ಎಲ್ಲಿಗೋ ಹೋಗಿಬಿಡುತ್ತಿತ್ತೇನೋ. ಇದು ನನ್ನ ಊಹೆ ಮಾತ್ರ.

ಈಗ ಆ ಕೊನೆಯ ವಿಷಯ. ಸಿನಿಮಾದಲ್ಲಿ ಪಿಸ್ತೂಲಿನ ಗುಂಡು ತಾಗಿಯೂ ತಾಗದಂತೆ ಹೋಗುತ್ತದೆ. ಮೀರ್‌ಗೆ ನಾಚಿಕೆ. ಹೆಂಡತಿಯರನ್ನೇ ಎದುರಿಸಲಾಗದ ನಾವು ಕಂಪನಿಯ ಸೈನ್ಯವನ್ನು ಎದುರಿಸುತ್ತೇವಾ ಎಂಬ ಅರ್ಥದ ಮಾತು ಬರುತ್ತದೆ. ಆಮೇಲೆ ವಜೀರನನ್ನು ಸರಿಸಿ ಇಂಗ್ಲಿಷರ ರಾಣಿಗೆ ಜಾಗ ಬಿಟ್ಟುಕೊಟ್ಟು ಹೊಸ ಆಟ. ನಾನಿಗೆ ಸಿಟ್ಟೇ ಬಂತು. “ಇನ್ನೂ ಆಡ್ತಾನೇ ಇದಾರಾ?” ಎಂದು ಕೇಳಿ, ಮೂಲೆಯಲ್ಲಿ ಮೊಬೈಲಿನಲ್ಲಿ ಗೇಮ್ ಆಡುತ್ತಿದ್ದ ನಮ್ಮ ಮಾಮೂನ ಕಡೆ ಒಮ್ಮೆ ನೋಡಿದರು. ಮಾಮೂ ಪಾಪ, ತಲೆ ಎತ್ತಲಿಲ್ಲ.

ಯಾವ ಕೊನೆ ಸರಿ? ಇದನ್ನು ನಾನು ಎರಡು ವಾರ ಯೋಚಿಸಿದ್ದೇನೆ. ಪ್ರೇಮಚಂದರು ಈ ಕತೆ ಬರೆದದ್ದು 1924ರಲ್ಲಿ, ಇಂಗ್ಲಿಷರು ಇನ್ನೂ ಇಲ್ಲೇ ಆಳುತ್ತಿದ್ದಾಗ. ಅವರ ಮಿರ್ಜಾ ಮತ್ತು ಮೀರ್ ಹೇಡಿಗಳಲ್ಲ. ಕತ್ತಿ ಹಿಡಿಯುವ ಕೈ ಇದೆ, ಸಾಯುವ ಧೈರ್ಯವಿದೆ, ಆದರೆ ಅದೆಲ್ಲ ಒಂದು ಮರದ ಕಾಯಿಗೆ ಖರ್ಚಾಗಿ ಹೋಗುತ್ತದೆ. ಓದುವವರಿಗೆ ಅದು ಏಟು: ನಿಮ್ಮ ಧೈರ್ಯವನ್ನು ನೀವು ಯಾವುದಕ್ಕೆ ಇಟ್ಟುಕೊಂಡಿದ್ದೀರಿ? ರಾಯ್ ಸಿನಿಮಾ ಮಾಡುವ ಹೊತ್ತಿಗೆ ಸ್ವಾತಂತ್ರ್ಯ ಬಂದು ಮೂವತ್ತು ವರ್ಷ. ಅಂಥವರು ಸಾಯಲಿಲ್ಲ ಎಂಬುದು ಆಗ ಎಲ್ಲರಿಗೂ ಗೊತ್ತಾಗಿತ್ತು. ಅವರು ಬದುಕಿದರು, ಯಜಮಾನ ಬದಲಾದಾಗ ನಿಯಮ ಬದಲಿಸಿಕೊಂಡು ಆಡಿದರು. ನನ್ನ ಮಟ್ಟಿಗೆ ಸಿನಿಮಾದ ಕೊನೆಯೇ ಹೆಚ್ಚು ಕ್ರೂರ. ನಾನಿ ಒಪ್ಪುವುದಿಲ್ಲ. ಹಿಂದಿ ಮೇಡಂ ಕೂಡ ಒಪ್ಪುವುದಿಲ್ಲ. ಆದರೆ ಈ ವಾದ ಶುರುವಾಗಬೇಕಾದರೆ ನನಗೆ ಎರಡೂ ಬೇಕಾಯಿತು. ಕತೆ ಮಾತ್ರ ಓದಿದ್ದರೆ ಅದು ಬೇರೆ ಥರ ಮುಗಿಯಬಹುದಿತ್ತು ಎಂದು ಹೊಳೆಯುತ್ತಿರಲಿಲ್ಲ. ಸಿನಿಮಾ ಮಾತ್ರ ನೋಡಿದ್ದಾಗ ಏನಾಯಿತು ಎಂಬುದನ್ನು ನೀವೆಲ್ಲ ನೋಡಿದ್ದೀರಿ.

“ಏನೇ ಆಗಲಿ, ಪುಸ್ತಕವೇ ಚೆನ್ನಾಗಿರುತ್ತೆ” ಎನ್ನುವವರು ನಮ್ಮಲ್ಲಿ ಬಹಳ. ಅಬ್ಬಾ ಕೂಡ ಆ ಪಾರ್ಟಿಯೇ. ‘ನಾಗರಹಾವು’ ಸಿನಿಮಾ ತರಾಸು ಅವರಿಗೇ ಹಿಡಿಸಲಿಲ್ಲ ಗೊತ್ತಾ ಎಂದು ಯಾವಾಗಲೂ ಹೇಳುತ್ತಾರೆ. ಸರಿ, ಕಾದಂಬರಿಕಾರರಿಗೆ ಹಿಡಿಸಲಿಲ್ಲ. ಮೂರು ಕಾದಂಬರಿಗಳನ್ನು ಒಂದು ಸಿನಿಮಾಕ್ಕೆ ತುಂಬಿದರೆ ಯಾರಿಗೆ ಹಿಡಿಸುತ್ತದೆ? ಆದರೆ ಚಿತ್ರದುರ್ಗದ ಕೋಟೆಯ ಕಲ್ಲುಗಳ ಮೇಲೆ ಓಡುವ ರಾಮಾಚಾರಿಯನ್ನು ನೆನೆಯದೆ ಅಬ್ಬಾನೂ ಆ ಕಾದಂಬರಿ ಓದಲಾರರು. ಒಮ್ಮೆ ಒಪ್ಪಿಕೊಂಡಿದ್ದಾರೆ. ಇದು ಅಚ್ಚಾಗುವುದರಿಂದ ಇನ್ನು ತಪ್ಪಿಸಿಕೊಳ್ಳಲಾರರು.

ನಮಗೆ ಇನ್ನೂ ಹತ್ತಿರದ ಉದಾಹರಣೆ ಬೇಕಾದರೆ ‘ಗುಲಾಬಿ ಟಾಕೀಸ್’ ಇದೆ. ವೈದೇಹಿಯವರ ಕತೆಯಲ್ಲಿ ಸಣ್ಣ ಊರೊಂದಕ್ಕೆ ಸಿನಿಮಾ ಟಾಕೀಸು ಬರುತ್ತದೆ, ಊರಿನ ಹೆಂಗಸರ ದಿನಚರಿಯೇ ಬದಲಾಗುತ್ತದೆ. ಅಲ್ಲಿನ ಸೂಲಗಿತ್ತಿಯ ಹೆಸರು ಲಿಲ್ಲಿಬಾಯಿ. ಗಿರೀಶ್ ಕಾಸರವಳ್ಳಿ 2008ರಲ್ಲಿ ಸಿನಿಮಾ ಮಾಡುವಾಗ ಟಾಕೀಸಿನ ಜಾಗಕ್ಕೆ ಟಿವಿ ಮತ್ತು ಡಿಶ್ ಬಂದವು. ಊರು ಕುಂದಾಪುರದ ಕಡೆಯ ಮೀನುಗಾರರ ಕೇರಿಯಾಯಿತು, ಕಾಲ ಕಾರ್ಗಿಲ್ ಯುದ್ಧದ್ದಾಯಿತು. ಸೂಲಗಿತ್ತಿ ಗುಲಾಬಿ ಎಂಬ ಮುಸ್ಲಿಂ ಹೆಂಗಸಾದಳು. ಉಮಾಶ್ರೀ ಅವರಿಗೆ ಈ ಪಾತ್ರಕ್ಕೆ ರಾಷ್ಟ್ರ ಪ್ರಶಸ್ತಿ ಬಂತು.

ಇಷ್ಟೆಲ್ಲ ಬದಲಾಯಿಸಿದ ಮೇಲೆ ಅದು ವೈದೇಹಿಯವರ ಕತೆಯೇ? ಮೊದಲು ಇಲ್ಲ ಎಂದೇ ಅಂದುಕೊಂಡಿದ್ದೆ. ಕತೆಯ ತುಂಟತನ, ಹೆಂಗಸರು ಗುಂಪುಗೂಡಿ ಸಿನಿಮಾಕ್ಕೆ ಹೋಗುವ ಆ ಸಡಗರ ಸಿನಿಮಾದಲ್ಲಿ ಕಡಿಮೆ. ಆದರೆ ಬಿಡಿಸಿ ನೋಡಿದರೆ ಒಳಗಿನ ಎಳೆ ಒಂದೇ: ಬೆಳಕಿನಲ್ಲಿ ಆಡುವ ಚಿತ್ರಗಳ ಮುಂದೆ ಕೂತಾಗ ಹೆಂಗಸರಿಗೆ ಸಿಗುವ ಒಂದಿಷ್ಟು ಬಿಡುವು. ಗುಲಾಬಿಯ ಮನೆಯ ಟಿವಿಯ ಮುಂದೆ ಅಕ್ಕಪಕ್ಕದ ಹೆಂಗಸರು, ಮಕ್ಕಳು ಬಂದು ಕೂರುತ್ತಾರೆ. ಹೊರಗೆ ದೋಣಿಗೂ ದೊಡ್ಡ ಬೋಟಿಗೂ ಜಗಳ ಹತ್ತಿಕೊಂಡಾಗ, ದೂರದ ಯುದ್ಧದ ಸುದ್ದಿ ಅದೇ ಟಿವಿಯಲ್ಲಿ ಬರತೊಡಗಿದಾಗ, ನಿನ್ನೆಯವರೆಗೆ ಎಲ್ಲರ ಮಕ್ಕಳನ್ನು ಈ ಲೋಕಕ್ಕೆ ತಂದ ಕೈಗಳು ‘ಅವರ ಪೈಕಿ’ಯವರ ಕೈಗಳಾಗಿಬಿಡುತ್ತವೆ. ಗುಲಾಬಿ ಊರು ಬಿಡಬೇಕಾಗುತ್ತದೆ. ನಾವು ಇದನ್ನು ಕಳೆದ ವರ್ಷ ಸೆಮಿನಾರ್ ಹಾಲಿನಲ್ಲಿ ನೋಡಿದಾಗ ಹಿಂದಿನ ಬೆಂಚಿನ ಗಲಾಟೆ ಯಾವ ಹೊತ್ತಿಗೆ ನಿಂತಿತು ಎಂಬುದು ಅಲ್ಲಿದ್ದವರಿಗೆ ನೆನಪಿರಬಹುದು. ಕತೆಗೆ ನಿಷ್ಠೆ ಎಂದು ಲಿಲ್ಲಿಬಾಯಿಯನ್ನು ಲಿಲ್ಲಿಬಾಯಿಯಾಗಿಯೇ ಇಟ್ಟಿದ್ದರೆ ಆ ಮೌನ ಬರುತ್ತಿರಲಿಲ್ಲ.

ಅದೇ ನಿರ್ದೇಶಕರ ‘ಹಸೀನಾ’ದ ಬಗ್ಗೆ ನನಗೆ ಅಷ್ಟು ಸಮಾಧಾನವಿಲ್ಲ. ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಕತೆಯನ್ನು ಆಧರಿಸಿ 2004ರಲ್ಲಿ ಬಂದ ಸಿನಿಮಾ. ತಾರಾ ಅವರಿಗೆ ಇದಕ್ಕೂ ರಾಷ್ಟ್ರ ಪ್ರಶಸ್ತಿ. 2025ರಲ್ಲಿ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ನಾವೆಲ್ಲ ಸ್ಟೇಟಸ್ ಹಾಕಿಕೊಂಡೆವು, ದೀಪಾ ಭಾಸ್ತಿ ಅನುವಾದಿಸಿದ ಆ ಸಂಕಲನದಲ್ಲಿ ಈ ಕತೆಯೂ ಇದೆ. ಸ್ಟೇಟಸ್ ಹಾಕಿದವರಲ್ಲಿ ಎಷ್ಟು ಜನ ಕತೆ ಓದಿದ್ದೀರಿ ಎಂದು ಕೇಳುವ ಹಕ್ಕು ನನಗಿಲ್ಲ, ಆಗ ನಾನೂ ಓದಿರಲಿಲ್ಲ.

ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಗಂಡ ಬಿಟ್ಟುಹೋದ ಬಡ ಹೆಂಗಸು ನ್ಯಾಯ ಕೇಳಿಕೊಂಡು ಮಸೀದಿಯ ಮುತವಲ್ಲಿಯ ಬಳಿಗೆ ಬರುತ್ತಾಳೆ. ಕತೆಯಲ್ಲಿ ಅವಳ ಹೆಸರು ಆಶ್ರಫ್, ಸಿನಿಮಾದಲ್ಲಿ ಹಸೀನಾ. ಸಿನಿಮಾ ಪೂರ್ತಿ ಅವಳದು, ತಾರಾ ಅವರ ಮುಖ ಬಿಟ್ಟು ಬೇರೆ ಕಡೆ ನೋಡಲು ಮನಸ್ಸಾಗುವುದಿಲ್ಲ. ಆದರೆ ಕತೆಗೆ ಇರುವ ಹೆಸರು ಅವಳದಲ್ಲ. ಅದು ಒಂದು ಶಾಪ. ಸುಮ್ಮನಿದ್ದು ಎಲ್ಲವನ್ನೂ ನೋಡಿದ ಮೊಹಲ್ಲಾದ ಹೆಂಗಸರು ಕೊನೆಗೆ ಮುತವಲ್ಲಿಗೆ ಹಾಕುವ ಶಾಪ. ಮುತವಲ್ಲಿಯ ಹೆಂಡತಿ ಅಮೀನಾಳೂ ಕೊನೆಯಲ್ಲಿ ತಾನೇ ಒಂದು ತೀರ್ಮಾನ ತೆಗೆದುಕೊಳ್ಳುತ್ತಾಳೆ. ಏನೆಂದು ಹೇಳುವುದಿಲ್ಲ, ಒಂದು ಕೊನೆ ಹೇಳಿ ಪಟ್ಟದ್ದು ಸಾಕು. ಒಬ್ಬಳ ಕಷ್ಟದ ಕತೆಯಾಗಿ ಶುರುವಾದದ್ದು ಇಡೀ ಬೀದಿಯ ಹೆಂಗಸರ ಕತೆಯಾಗುತ್ತದೆ. ಓದುವಾಗ ನನಗೆ ಬೇಕಾದದ್ದು ಆ ಬೀದಿ. ಇಲ್ಲಿ ನಾನು ಅಬ್ಬಾನ ಪಾರ್ಟಿ.

ನನ್ನ ಪಕ್ಕದಲ್ಲಿ ಕೂರುವ ಗೆಳತಿಯ ಉಮ್ಮ ಉಪ್ಪಳದ ಕಡೆಯವರು. ಈ ಚರ್ಚೆ ಕೇಳಿ ಅವಳು ಬಶೀರರ ‘ಮದಿಲುಗಳ್’ ತಂದು ಹಾಕಿದಳು. ಮಲಯಾಳದ ವೈಕಂ ಮುಹಮ್ಮದ್ ಬಶೀರ್ ಬ್ರಿಟಿಷರ ಕಾಲದಲ್ಲಿ ಜೈಲಿನಲ್ಲಿದ್ದಾಗಿನ ಕತೆ. ಗೋಡೆಯಾಚೆ ಹೆಂಗಸರ ಜೈಲು. ಅಲ್ಲಿ ನಾರಾಯಣಿ ಎಂಬ ಕೈದಿ. ಇಬ್ಬರೂ ಮುಖ ನೋಡಿಲ್ಲ, ಬರೀ ಮಾತು. ಅವಳು ಬಂದಿದ್ದಾಳೆ ಎಂಬುದಕ್ಕೆ ಗುರುತು, ಗೋಡೆಯ ಮೇಲೆ ಹಾರುವ ಒಂದು ಒಣಕಡ್ಡಿ. ಅಡೂರು ಗೋಪಾಲಕೃಷ್ಣನ್ ಇದನ್ನು ಸಿನಿಮಾ ಮಾಡಿದಾಗ ಮಮ್ಮೂಟಿ ಬಶೀರ್ ಆದರು. ನಾರಾಯಣಿಯನ್ನು ಒಮ್ಮೆಯೂ ತೋರಿಸಲಿಲ್ಲ. ಕೇಳುವುದು ಕೆಪಿಎಸಿ ಲಲಿತಾ ಅವರ ದನಿ ಮಾತ್ರ. ಗೆಳತಿಯ ಉಮ್ಮನ ತಕರಾರು ಅಲ್ಲೇ: ಆ ದನಿ ಎಲ್ಲ ಮಲಯಾಳಿಗಳಿಗೂ ಗೊತ್ತಿರುವ ದನಿ, ಕೇಳಿದ ಕೂಡಲೇ ಲಲಿತಾರ ಮುಖ ಬಂದು ಗೋಡೆಯ ಮೇಲೆ ಕೂತುಬಿಡುತ್ತದೆ, ಮತ್ತೆ ನಾರಾಯಣಿ ಎಲ್ಲಿ? ನನಗೆ ಮಲಯಾಳ ಸಿನಿಮಾ ಅಷ್ಟಾಗಿ ಗೊತ್ತಿಲ್ಲದ್ದರಿಂದ ಆ ತೊಂದರೆ ಆಗಲಿಲ್ಲ. ನನ್ನ ನಾರಾಯಣಿಗೆ ಇನ್ನೂ ಮುಖವಿಲ್ಲ. ಒಂದೇ ಸಿನಿಮಾ, ನೋಡುವವರು ಏನು ಹೊತ್ತು ತಂದಿದ್ದಾರೆ ಎಂಬುದರ ಮೇಲೆ ಎರಡು ಸಿನಿಮಾ ಆಯಿತು.

ಇನ್ನು ನಮ್ಮ ಶನಿವಾರದ ವಿಷಯ. ಪರೀಕ್ಷೆ ಹತ್ತಿರ ಬಂದಾಗ ಒಂದೆರಡು ತಿಂಗಳು ನಿಲ್ಲಿಸಿದರೆ ನಾನು ಜಗಳವಾಡುವುದಿಲ್ಲ, ನನಗೂ ಅಕೌಂಟೆನ್ಸಿ ಇದೆ. ಪೂರ್ತಿ ನಿಲ್ಲಿಸುವುದು ಬೇಡ. ಸಿನಿಮಾ ನಿಲ್ಲಿಸಿದರೆ ನಾವು ಪುಸ್ತಕ ತೆಗೆಯುತ್ತೇವೆ ಎಂದು ಯಾರಾದರೂ ನಂಬಿದ್ದರೆ, ಕ್ಷಮಿಸಿ, ಅವರು ನಮ್ಮ ಕ್ಲಾಸಿನ ವಾಟ್ಸ್ಆ್ಯಪ್ ಗುಂಪನ್ನು ನೋಡಿಲ್ಲ. ಪಠ್ಯದ ಕತೆಗಳನ್ನೇ ಹತ್ತು ನಿಮಿಷದ ‘ಸಾರಾಂಶ’ ವಿಡಿಯೋದಲ್ಲಿ ಮುಗಿಸುವ ಕಾಲ ಇದು. ಆ ವಿಡಿಯೋಗಳಲ್ಲಿ ಕತೆಯೂ ಇಲ್ಲ, ಸಿನಿಮಾವೂ ಇಲ್ಲ. ಸಿನಿಮಾದಲ್ಲಾದರೂ ಒಬ್ಬರು ಕತೆಯನ್ನು ಓದಿ, ಯೋಚಿಸಿ, ತಮ್ಮ ಉತ್ತರ ಕೊಟ್ಟಿರುತ್ತಾರೆ. ರಾಯ್ ಆ ಪಿಸ್ತೂಲನ್ನು ಸುಮ್ಮನೆ ತಂದದ್ದಲ್ಲ.

ಸಿನಿಮಾ ತೋರಿಸುವ ಮುಂಚೆ ಕತೆ ಕೈಗೆ ಸಿಗಬೇಕು, ಅದೊಂದೇ ನನ್ನ ಬೇಡಿಕೆ. ಕಾದಂಬರಿಯಾದರೆ ಕಷ್ಟ, ಸಣ್ಣಕತೆಯಾದರೆ ಒಂದು ಸಂಜೆಯ ಕೆಲಸ. ಸಿನಿಮಾ ಮುಗಿದ ಮೇಲೆ ಎಲ್ಲರೂ ಬ್ಯಾಗ್ ಎತ್ತಿಕೊಂಡು ಬಸ್ಸಿಗೆ ಓಡುವ ಬದಲು ಹತ್ತು ನಿಮಿಷ ಕೂತು, ಎಲ್ಲಿ ಬದಲಾಯಿತು, ಯಾಕೆ ಎಂದು ಮಾತಾಡಿದರೆ ಸಾಕು. ಬಸ್ಸಿನವರಿಗೆ ಐದು ನಿಮಿಷ.

ಹಿಂದಿ ಮೇಡಂ ಮತ್ತು ಲೈಬ್ರರಿ ಸರ್ ಒಪ್ಪಿದ್ದಾರೆ. ಪ್ರಿನ್ಸಿಪಾಲ್ ಸರ್ “ಒಂದು ಸಲ ಮಾಡಿ ನೋಡೋಣ” ಅಂದಿದ್ದಾರೆ. ‘ಶತರಂಜ್ ಕೆ ಖಿಲಾಡಿ’ಯ ಮೂವತ್ತು ಜೆರಾಕ್ಸ್ ಪ್ರತಿಗಳು ಲೈಬ್ರರಿ ಕೌಂಟರಿನಲ್ಲಿವೆ. ಹಿಂದಿ ಓದಲು ಬಾರದವರಿಗಾಗಿ ನಾನೂ ಗೆಳತಿಯೂ ಸೇರಿ ಕನ್ನಡದಲ್ಲಿ ಕತೆ ಹೇಳುತ್ತೇವೆ, ಶುಕ್ರವಾರ ಊಟದ ಬಿಡುವಿನಲ್ಲಿ, ಜುಮಾ ಮುಗಿಸಿ ಬರುವವರನ್ನು ಕಾದು. ಸಿನಿಮಾ ಶನಿವಾರ ಎರಡು ಗಂಟೆಗೆ. ಕೊನೆ ಗೊತ್ತಿದೆಯಲ್ಲ, ಮತ್ತೇಕೆ ಬರಬೇಕು ಅನ್ನಬೇಡಿ. ನಾನಿಗೂ ಗೊತ್ತಿದೆ. ಆದರೂ ಮೊನ್ನೆ ಮತ್ತೊಮ್ಮೆ ಓದಿಸಿಕೊಂಡರು, ಈ ಸಲ ಬೇಗಮ್ ಕಾಯಿ ಎಸೆಯುವ ಭಾಗವನ್ನು ಎರಡು ಸಲ.